ಮಿಸ್ ಥಾರ್ನ್ ಅವರ ಸಂಜೆ ಶಾಲೆಯನ್ನು ಮುಚ್ಚಲಾಗದೆ

೧
ಎಲ್ಲಿಂದ ಶುರು ಮಾಡಲಿ? "ಮಿಸ್ ಅಬಿಗೇಲ್ ಥಾರ್ನ್ ೧೮೧೨ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಹುಟ್ಟಿದರು" ಎಂದು ಬರೆದೆ. ಹೊಡೆದು ಹಾಕಿದೆ. (ಅವರು ಹುಟ್ಟಿದ್ದು ೧೯೯೮ರಲ್ಲಿ, ಇಂಗ್ಲಿಷರ ನಾಡಿನ ಕೆಂಟನ್‌ನಲ್ಲಿ, ನಾನು ಕಥೆ ಬರೆಯುವ ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಓದುಗರಿಗೆ ಮೋಸವಾಗಬಾರದು.)

೨
ನೇರ ಶಾಲೆಗೇ ಬನ್ನಿ. ನೂಲಿನ ಗಿರಣಿಯ ಹುಡುಗಿಯರಿಗಾಗಿ ಮಿಸ್ ಥಾರ್ನ್ ಸಂಜೆ ಶಾಲೆ ತೆರೆದಿದ್ದಾರೆ. ಮೊದಲ ದಿನ ಒಬ್ಬೊಬ್ಬಳ ಬೆರಳು ಹಿಡಿದು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಾರೆ.

"ಅಕ್ಕಿಯೇ?" ಎಂದರು ಮಿಸ್ ಥಾರ್ನ್, ಹಾಳೆಯೊಳಗಿಂದಲೇ ನನ್ನತ್ತ ನೋಡಿ. "ನಮ್ಮೂರಲ್ಲಿ ಎಲ್ಲಿ ಬೆಳೆಯುತ್ತದೆ?"

ನನ್ನ ಹೆಂಡತಿ ಗುಲಾಬಿ ಇಣುಕಿ ನೋಡಿದಳು. "ಎಂತ ಮಾರಾಯ್ರೆ, ಅಮೆರಿಕದವರಿಗೂ ಅಕ್ಷರಾಭ್ಯಾಸ ಮಾಡಿಸಿದ್ರಾ? ಭಟ್ಟರನ್ನೂ ಕರ್ಸಿ ಹಾಗಾದ್ರೆ."

"ಡ್ಯಾಡ್, ದೇ ಹ್ಯಾಡ್ ಸ್ಲೇಟ್ಸ್," ಎಂದಳು ಮಗಳು ಸೃಷ್ಟಿ, ಟೋಸ್ಟ್ ಅಗಿಯುತ್ತ.

(ರೇನರ್ಸ್ ಲೇನ್‌ನ ಹೋಟೆಲಿನಲ್ಲಿ ಮಧ್ಯಾಹ್ನದ ದೋಸೆ ಹೊಯ್ದು ಮುಗಿಸಿ, ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕಲಿತ ಇತಿಹಾಸ ನನ್ನದು. ಕ್ಷಮೆಯಿರಲಿ.) ಸ್ಲೇಟು ಇಟ್ಟೆ.

೩
ಗಿರಣಿಯ ಮಾಲೀಕ ಬಂದ. ಶಾಲೆಯ ಕಟ್ಟಡ ಅವನದೇ. ಶಾಲೆಗೆ ಹೋದ ಹುಡುಗಿಯರು ಬೆಳಗ್ಗೆ ಮಗ್ಗದ ಮುಂದೆ ಆಕಳಿಸುತ್ತಾರಂತೆ. ನಾಳೆಯಿಂದ ಶಾಲೆಗೆ ಬೀಗ.

ಅಂತ್ಯ, ಒಂದು: ಮಾಲೀಕನ ಮನಸ್ಸು ಕರಗಿತು.

"ಯಾಕೆ ಕರಗಿತು?" ಎಂದರು ಮಿಸ್ ಥಾರ್ನ್.

"ನಮ್ಮ ಹೋಟೆಲಿನ ಮಾಲೀಕ ಪುರಂದರಣ್ಣ ನನ್ನನ್ನು ಕ್ಲಾಸಿಗೆ ಹೋಗಲು ಬಿಡ್ತಾರಲ್ಲ, ಹಾಗೆ," ಎಂದೆ.

"ಹಾಗಾದರೆ ಗಿರಣಿಯನ್ನು ಅವರಿಗೇ ಮಾರಿಸಿ."

ಹರಿದು ಹಾಕಿದೆ.

ಅಂತ್ಯ, ಇನ್ನೊಂದು: ಶಾಲೆ ಮುಚ್ಚಿತು. ಮಿಸ್ ಥಾರ್ನ್ ಬೇರೆ ಊರಿನಲ್ಲಿ ಶ್ರೀಮಂತರ ಮಕ್ಕಳಿಗೆ ಕಸೂತಿ ಕಲಿಸುತ್ತ ಮುದುಕಿಯಾದರು. (ನಂಬುವಂತಿದೆ.) ಗುಲಾಬಿಗೆ ಓದಿ ಹೇಳಿದೆ.

"ಆ ಹುಡುಗಿಯರು? ನೀವು ವಾರ ವಾರ ಕ್ಲಾಸಿಗೆ ಹೋಗ್ತೀರಿ, ಅವರನ್ನ ಚಳಿಯಲ್ಲಿ ಹೊರಗೆ ನಿಲ್ಸಿದ್ರಿ."

ಮಿಸ್ ಥಾರ್ನ್ ಅವರನ್ನೇ ಕೇಳಿದೆ.

"ಪಾಠ ನಡೆಯುತ್ತಿದೆ," ಎಂದರು. "ಮಾಲೀಕ ಬೀಗ ಹಿಡಿದು ಹೊರಗೆ ನಿಂತಿದ್ದಾನೆ. ಕೊನೆಯ ಬೆಂಚಿನವಳು ಮೊದಲ ಸಲ ತನ್ನ ಹೆಸರು ಬರೆಯುತ್ತಿದ್ದಾಳೆ. ಅವಳು ಮುಗಿಸುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದಿದ್ದೇನೆ. ಕಾಯುತ್ತೇನೆ ಎಂದ."

ಆ ಹುಡುಗಿಗೆ ನಾನಿನ್ನೂ ಹೆಸರನ್ನೇ ಇಟ್ಟಿರಲಿಲ್ಲ.

"ಉದ್ದದ್ದು ಇಡಿ," ಎಂದಳು ಗುಲಾಬಿ, ಕುರ್ಚಿ ಎಳೆದುಕೊಂಡು. "ಅಪ್ಪನ ಹೆಸರು ಸೇರ್ಸಿ. ಅಜ್ಜಿದೂ ಇರ್ಲಿ. ಊರಿನ ಹೆಸರು ಮುಂದೆ ಹಾಕಿ, ನಮ್ಮಲ್ಲಿ ಹಾಕ್ತೇವಲ್ಲ."

ವರ್ಮಾಂಟಿನಲ್ಲಿ ಹಾಗೆ ಹಾಕುವುದಿಲ್ಲ ಎಂದು ನನಗೆ ಗೊತ್ತು. ಹಾಕುತ್ತಿದ್ದೇನೆ. ಈಗಷ್ಟೇ ಮುತ್ತಜ್ಜಿಯ ಹೆಸರಿಗೆ ಬಂದಿದ್ದೇವೆ,