ಮರಳುಗಾಡಿನ ಪೈಲಟ್ಟಿಗೆ ಮಗಳ ಪರ್ಮಿಷನ್

ಕಂಪ್ಲಿಯ ಶಂಭುಲಿಂಗಜ್ಜನಿಗೆ ನೂರು ದಾಟಿದೆ. ಕಣ್ಣು ನೆಟ್ಟಗಿದೆ, ಬಾಯಲ್ಲಿ ಹಲ್ಲಿಲ್ಲ, ಹಟಕ್ಕೆ ಮಾತ್ರ ಇನ್ನೂ ಹರೆಯ. ಹಂಪಿ ಉತ್ಸವಕ್ಕೆಂದು ಕಮಲಾಪುರದಲ್ಲಿ ಹೆಲಿಕಾಪ್ಟರ್ ಸುತ್ತಾಟ ಶುರುವಾಗಿದೆ ಎಂದು ಕೇಳಿದಾಗಿನಿಂದ ಅವನದು ಒಂದೇ ರಾಗ: ಸಾಯುವ ಮೊದಲು ಇನ್ನೊಮ್ಮೆ ಹಾರಬೇಕು. ಡಾಕ್ಟರು ಹೂಂ ಅಂದರು. ಅಡ್ಡ ನಿಂತವಳು ಮಗಳು ಮರುಳಸಿದ್ದಮ್ಮ. ಎಪ್ಪತ್ತರ ಹತ್ತಿರ ಬಂದರೂ ಅಕ್ಕಿ ಗಿರಣಿಯನ್ನೂ ಅಪ್ಪನನ್ನೂ ಒಬ್ಬಳೇ ಆಳುವ ಹೆಂಗಸು.

ತಪ್ಪು ಅಜ್ಜನದೇ ಅನ್ನಿ. ಎರಡನೇ ಮಹಾಯುದ್ಧದಲ್ಲಿ ಅವನು ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಪುಟ್ಟ ವಿಮಾನ ಹಾರಿಸುತ್ತಿದ್ದ. ಬಾಂಬು ಹಾಕುವ ಕೆಲಸವಲ್ಲ. ಒಂದು ಶಿಬಿರದಿಂದ ಇನ್ನೊಂದಕ್ಕೆ ಟಪಾಲು, ಹುಕುಂ, ಆಗಾಗ ಒಬ್ಬ ಸಾಹೇಬ. ಆ ಬಯಲಿನಲ್ಲಿ ಹಳ್ಳವಿಲ್ಲ, ಗುರುತಿಗೊಂದು ಮರವಿಲ್ಲ. ದಾರಿ ತಪ್ಪಿದರೆ ಲಾರಿ ಕಂಡಲ್ಲಿ ಇಳಿದು ಕೇಳುವುದು. ಒಮ್ಮೆ ಹಾಗೆ ಇಳಿದು ಕೇಳಿದ್ದು ಶತ್ರುಗಳನ್ನೇ! ಊಟಕ್ಕೆ ಕೂತಿದ್ದ ಆ ಇಟಲಿಯವರು ಪಾಪ, ಮೊದಲು ದಾರಿ ತೋರಿಸಿ, ಆಮೇಲೆ ಬಂದೂಕು ಹುಡುಕಿದರಂತೆ. ಈ ಕಥೆಯನ್ನೂ, ಬಿರುಗಾಳಿಯಲ್ಲಿ ಎಂಜಿನ್ ಕೈಕೊಟ್ಟ ಕಥೆಯನ್ನೂ ಮಗಳಿಗೆ ತೊಟ್ಟಿಲಲ್ಲಿದ್ದಾಗಿನಿಂದ ಉಣಿಸಿದ್ದ. ಅವಳೀಗ ಅವನ್ನೇ ಎತ್ತಿ ಆಡಿದಳು.

“ಎಂಜಿನ್ ಬಂದ್ ಆತು ಅಂದಿದ್ದಿಲ್ಲೇನು? ಜೀವ ಬಾಯಿಗೆ ಬಂದಿತ್ತು ಅಂದಿದ್ದಿಲ್ಲೇನು? ಬ್ಯಾಡಪ್ಪ.”

“ಅದೆಲ್ಲ ಸುಳ್ಳು ಹೇಳಿದ್ನವ್ವ. ಬಸ್ಸಿನ್ಯಾಗ ಕುಂತಂಗ ಇತ್ತು.”

“ಈಗ ಹೇಳಾಕತ್ತೀಯಲ್ಲ, ಇದು ಸುಳ್ಳು.”

ಅಜ್ಜ ಮುನಿಸಿಕೊಂಡು ಊಟ ಬಿಟ್ಟ. ಸಂಜೆಯ ಒಗ್ಗರಣೆ ಮಂಡಕ್ಕಿಯನ್ನೂ ಮುಟ್ಟಲಿಲ್ಲ. ಮಗಳ ಕರುಳು ಚುರ್ ಎಂದಿತು.

“ನಡಿ, ನಾನೂ ಬರ್ತೀನಿ. ಏನಾಗ್ತೈತೋ ಇಬ್ಬರಿಗೂ ಆಗ್ಲಿ.”

ಮರುದಿನ ಹೆಲಿಕಾಪ್ಟರ್ ಗುಡುಗುತ್ತ ಮೇಲೆದ್ದಿತು. ಬಾಳೆತೋಟ, ಬಂಡೆಗುಡ್ಡ, ತುಂಗಭದ್ರೆ ಎಲ್ಲ ಕಾಲಡಿಗೆ ಬಂದವು. ಗಟ್ಟಿಯಾಗಿ ಕಣ್ಣು ಮುಚ್ಚಿದ್ದ ಮರುಳಸಿದ್ದಮ್ಮ ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ಎರಡೂ. ಆಮೇಲೆ ಗಾಜಿಗೆ ಮೂಗು ಒತ್ತಿ ಬಾಗಿಲ ಕಡೆಗೇ ವಾಲಿದಳು. “ಅಯ್ಯಯ್ಯ, ಹೊಳಿ ಎಷ್ಟು ಚಂದ ಕಾಣ್ತೈತಿ!”

ಶಂಭುಲಿಂಗಜ್ಜನ ಎದೆ ಧಸಕ್ಕೆಂದಿತು. ಮರಳುಗಾಡಿನಲ್ಲಿ ಅವನ ಹಿಂದೆ ಕೂರುತ್ತಿದ್ದದ್ದು ಟಪಾಲಿನ ಚೀಲ, ಇಲ್ಲವೇ ಗುರುತಿಲ್ಲದ ಸಾಹೇಬ. ಬಿದ್ದರೆ ಬಿದ್ದೆ ಎಂದುಕೊಂಡೇ ಹಾರುತ್ತಿದ್ದ. ಈಗ ಮಗಳ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಇಷ್ಟು ಹೆದರಿಕೆಯನ್ನು ಇವಳು ನನ್ನ ಸಲುವಾಗಿ ಹೊತ್ತಿದ್ದಳೇ ಎನಿಸಿ ಅಕ್ಕರೆ ಉಕ್ಕಿತು.

“ಪೈಲಟ್ರೇ, ಮಸ್ತ್ ಐತ್ರಿ! ಇನ್ನೊಂದು ಸುತ್ತು ಹಾಕ್ರಿ!” ಎಂದು ಕೂಗಿದಳು ಮರುಳಸಿದ್ದಮ್ಮ.

“ಬ್ಯಾಡ್ರೀ, ಜಲ್ದಿ ಇಳಿಸಿಬಿಡ್ರಿ,” ಎಂದ ಅಜ್ಜ. “ನನ್ನ ಮಗಳು ಅದಾಳ ಇದ್ರಾಗ.”