ಐದು ಇಂಚಿನ ಬಾಟಲಿ

ಕುಶಾಲನಗರದ ಸಮುದಾಯ ರೇಡಿಯೊದಲ್ಲಿ ‘ಮಳೆ ಎಷ್ಟು, ಯಾಕೆ?’ ಶುರುವಾದಾಗ ಅದು ಬರೀ ಐದು ನಿಮಿಷದ ಕಾರ್ಯಕ್ರಮ. ಎಸ್ಟೇಟುಗಳಲ್ಲಿ ಮಳೆ ಅಳೆದು ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುವುದು ಅಜ್ಜನ ಕಾಲದ ರೂಢಿ. ‘ನಿಮ್ಮಲ್ಲಿ ಎಷ್ಟು ಇಂಚು?’ ಎಂದು ಕೇಳದಿದ್ದರೆ ಇಲ್ಲಿಯವರಿಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. ನಿರೂಪಕಿ ವಿನುತಾ ದಿನಾ ಬೆಳಿಗ್ಗೆ ಆ ಅಂಕಿಗಳನ್ನು ಓದುತ್ತಿದ್ದಳು, ಅಷ್ಟೇ. ಆದರೆ ಕೇಳುಗರು ಬಿಡಬೇಕಲ್ಲ! ಮೋಡ ಯಾಕೆ ಕೆಳಗೆ ಬೀಳಲ್ಲ, ಗುಡ್ಡ ಯಾಕೆ ಬೀಳುತ್ತೆ ಎಂದು ಪ್ರಶ್ನೆ ಹಾಕಿ ಹಾಕಿ ಅವಳ ಜೀವ ತಿಂದರು. ಏಳು ವರ್ಷದಲ್ಲಿ ಬೆಳಗಿನ ಐದು ನಿಮಿಷದ ಜೊತೆಗೆ ಸಂಜೆ ಐದಕ್ಕೆ ಒಂದು ಗಂಟೆಯ ನೇರ ಪ್ರಸಾರವೂ ಸೇರಿತು. ಹದಿನಾಲ್ಕು ಕಡೆ ಮಳೆ ಅಳೆಯುವವರು ಹುಟ್ಟಿಕೊಂಡರು. ಅವರಿಗೆಲ್ಲ ವಿನುತಾ ಬಾಯಿಪಾಠ ಮಾಡಿಸಿದ ನಿಯಮ ಒಂದೇ: ಅಳೆಯುವುದು ಬೆಳಿಗ್ಗೆ ಎಂಟಕ್ಕೆ, ಅದಕ್ಕೆ ಮುಂಚೆ ಮಳೆ ಹಿಡಿಯುವ ಬಾಟಲಿ ಮುಟ್ಟಿದರೆ ಲೆಕ್ಕ ಕೆಟ್ಟಿತು.

ಹಾರಂಗಿ ಅಣೆಕಟ್ಟಿನ ಮೇಲ್ಗಡೆ, ಗುಡ್ಡದ ಬುಡದಲ್ಲಿ ಶುಂಠಿ ಬೆಳೆಯುವ ಹನ್ನೊಂದು ಮನೆಯವರು ಈ ಕಾರ್ಯಕ್ರಮ ನಂಬಿಯೇ ತಮ್ಮದೊಂದು ಕಟ್ಟಳೆ ಮಾಡಿಕೊಂಡಿದ್ದರು. ಗುಡ್ಡದ ಮೇಲಿನ ಪರಮೇಶಪ್ಪನ ಲೆಕ್ಕ ಆರು ಇಂಚು ದಾಟಿತೋ, ಗುಡ್ಡ ಜಾರುವ ಮುಂಚೆ ಗಂಟುಮೂಟೆ ಕಟ್ಟಿ ಶಾಲೆಗೆ ಹೋಗಿಬಿಡುವುದು. ಪರಮೇಶಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಅವನು ಬರೆದ ಅಂಕಿ ಅಂದರೆ ಮುಗಿಯಿತು.

ಆ ಆಗಸ್ಟಿನ ಸಂಜೆ ಐದೂಕಾಲಿಗೆ ನೇರ ಪ್ರಸಾರದಲ್ಲಿ ಮುತ್ತಮ್ಮನ ಫೋನು ಬಂತು. ಹನ್ನೊಂದರಲ್ಲಿ ಮೊದಲ ಮನೆ ಅವಳದು.

“ವಿನುತಮ್ಮ, ಪರಮೇಶಪ್ಪೋರದ್ದು ಇವತ್ತೂ ಐದೇ ಅಂದ್ರಲ್ಲ. ಮೊನ್ನೆನೂ ಐದು, ನಿನ್ನೆನೂ ಐದು. ಏರಿಲ್ವಲ್ಲ ಅಂತ ಕಟ್ಟಿದ್ ಸಾಮಾನೆಲ್ಲ ಬಿಚ್ಚಿಟ್ವಿ.”

ವಿನುತಾ ಹಿಂದಿನ ದಿನಗಳ ಪುಟ ತಿರುವಿದಳು. ಮಳೆ ಎಂಬುದು ಮೂರು ದಿನ ಒಂದೇ ಅಳತೆಗೆ ಬೀಳುತ್ತದೆಯೇ? ಒಂದು ಸೆಂಟೂ ಹೆಚ್ಚುಕಮ್ಮಿ ಇಲ್ಲದೆ?

“ಮುತ್ತಮ್ಮ, ಫೋನ್ ಇಡ್ಬೇಡಿ,” ಎಂದವಳೇ ಪರಮೇಶಪ್ಪನಿಗೆ ಇನ್ನೊಂದು ಫೋನು ಹಚ್ಚಿದಳು. ಗಾಜಿನಾಚೆ ಕೂತಿದ್ದ ಮ್ಯಾನೇಜರ್ ಕೀರ್ತಿಕುಮಾರ್ ದಡಬಡಿಸಿ ಒಳಗೆ ಬಂದು, ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. “ಹಾಡು ಹಾಕ್ತೀನಿ, ಆಚೆ ಮಾತಾಡಿ. ತಪ್ಪು ಅಂತ ನಾವೇ ಸಾರಿದ್ರೆ ನಾಳೆಯಿಂದ ನಮ್ಮನ್ನ ಯಾರ್ರೀ ನಂಬ್ತಾರೆ?”

“ಹಾಡು ಮುಗಿಯೋಷ್ಟ್ರಲ್ಲಿ ಗುಡ್ಡ ಕಾಯ್ತಾ ಕೂತಿರುತ್ತಾ? ಕೈ ತೆಗೀರಿ,” ಎಂದು ಗದರಿದಳು ವಿನುತಾ.

“ದೊಡ್ಡಪ್ಪ, ಬೆಳಿಗ್ಗೆ ಬಾಟ್ಲಿ ತುಂಬಿತ್ತಾ?” ಪರಮೇಶಪ್ಪ ಫೋನ್ ಎತ್ತಿದೊಡನೆ ಕೇಳಿದಳು.

“ತುಂಬಿ ಹೊರಗೆ ಹರೀತಿತ್ತು ಕಣಮ್ಮ. ಹಳೇದು ಒಡೆದೋಯ್ತಲ್ಲ, ಈ ಹೊಸದು ಹಿಡಿಯೋದೇ ಐದು ಇಂಚು. ಹರಿಯೋದನ್ನ ಬೆಳಗಿನ ಜಾವದಿಂದ ನೋಡ್ತಾನೇ ನಿಂತಿದ್ದೆ.”

“ಖಾಲಿ ಮಾಡಿ ಮತ್ತೆ ಇಡಬಾರದಿತ್ತಾ?”

“ಎಂಟಕ್ಕೆ ಮುಂಚೆ ಮುಟ್ಟಬಾರದು ಅಂದೋಳು ನೀನೇ ತಾನೆ?”

ವಿನುತಾಳಿಗೆ ಮುದುಕನ ಮೇಲೆ ಬಂದ ಸಿಟ್ಟು ಸರ್ರನೆ ತನ್ನ ಮೇಲೇ ತಿರುಗಿತು. ಬಾಟಲಿ ತುಂಬಿದರೆ ಏನು ಮಾಡಬೇಕು ಎಂಬುದನ್ನು ಏಳು ವರ್ಷದಲ್ಲಿ ಅವಳು ಒಮ್ಮೆಯೂ ಹೇಳಿರಲಿಲ್ಲ.

“ಕೇಳಿ,” ಎಂದಳು ಮೈಕಿನಲ್ಲಿ. “ಮೂರು ದಿನದಿಂದ ನಾನು ಹೇಳಿದ್ದು ತಪ್ಪು ಲೆಕ್ಕ. ಐದು ಅಂದಿದ್ದು ಬಾಟ್ಲಿ ಅಳತೆ, ಮಳೇದಲ್ಲ. ತಪ್ಪು ನಂದು. ಮುತ್ತಮ್ಮ, ಈಗ್ಲೇ ಹೊರಡಿ.”

“ಅಯ್ಯೋ ಶಿವನೇ! ಬೆಳಿಗ್ಗೆ ಒಂದು ಹೇಳ್ತೀರ, ಸಂಜೆಗೆ ಇನ್ನೊಂದು. ಯಾವುದನ್ನ ನಂಬಲಮ್ಮ? ಮಲಗಿರೋ ಅತ್ತೇನ ಈ ಮಳೇಲಿ ಹೊತ್ಕೊಂಡು ಹೋಗಬೇಕು ನಾನು.”

“ನನ್ನ ನಂಬಬೇಡಿ. ಅಂಗಳದಲ್ಲಿ ಬಾಯಿ ಬುಡ ಒಂದೇ ಅಗಲ ಇರೋ ಡಬ್ಬ ಯಾವುದಾದ್ರೂ ಇದೆಯಾ?”

“ಚೌಕದ್ ಎಣ್ಣೆ ಡಬ್ಬ ಐತೆ. ಬೆಳಿಗ್ಗೆ ಹಸುಗೆ ಬೂಸಾ ಕೊಟ್ಟು, ತೊಳ್ದು ಬಯಲಲ್ಲಿ ಇಟ್ಟಿದ್ದೆ.”

“ಅದರೊಳಗೆ ಕೈ ಇಟ್ಟು ನೋಡಿ. ಎಷ್ಟಿದೆ?”

ಫೋನಿನಲ್ಲಿ ಮಳೆಯ ಸದ್ದೊಂದೇ. ಕೀರ್ತಿಕುಮಾರ್ ನಿಂತಲ್ಲೇ ನಿಂತಿದ್ದ.

“ಗೇಣು ಮುಳುಗ್ತು ವಿನುತಮ್ಮ!” ಮುತ್ತಮ್ಮ ಕಿರುಚಿದಳು. ಗೇಣೆಂದರೆ ಒಂಬತ್ತು ಇಂಚು, ಅದೂ ಬೆಳಗಿನಿಂದ ಈಚೆಗೆ. “ಏ ಚಂದ್ರು! ಉಷಾ! ಏಳ್ರೋ, ಎಲ್ಲಾ ಏಳ್ರೋ!” ಎಂಬ ಕೂಗು ಕೇಳಿತು, ಫೋನು ಕಡಿಯಿತು.

ಗಂಟೆ ಆರು ಹೊಡೆಯಿತು. ಕಾರ್ಯಕ್ರಮ ಮುಗಿದರೂ ವಿನುತಾ ಕುರ್ಚಿ ಬಿಟ್ಟು ಏಳಲಿಲ್ಲ. ಏಳು ಸಲ ಫೋನು ಮಾಡಿದಳು, ಏಳು ಸಲವೂ ಸಿಗಲಿಲ್ಲ. ಏಳೂವರೆಗೆ ಯಾವುದೋ ಹೊಸ ನಂಬರಿನಿಂದ ಕರೆ ಬಂತು.

“ಮನೆ ಇಲ್ಲ ಕಣಮ್ಮ,” ಎಂದಳು ಮುತ್ತಮ್ಮ. “ಗುಡ್ಡ ಜಾರಿ ಸಾಲಲ್ಲಿ ನಾಲ್ಕು ಮನೆ ಹೋದ್ವು. ಹಗ್ಗ ಬಿಚ್ಚಿ ಅಟ್ಟಿದ್ವಲ್ಲ, ಹಸುಗಳು ಎಲ್ಲಿವೆಯೋ ಗೊತ್ತಿಲ್ಲ. ನಾವು ಶಾಲೇಲಿ ಇದೀವಿ. ಎಣಿಸ್ದೆ, ಎಲ್ಲಾ ಇದೀವಿ.”

ವಿನುತಾ ಮೇಜಿನ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಪರಮೇಶಪ್ಪನ ಫೋನು ಬಂತು. “ನಿನ್ನೆ ಸಂಜೆ ಖಾಲಿ ಮಾಡಿ ಇಟ್ಟಾಗಿನಿಂದ ಹನ್ನೊಂದು ಇಂಚು ನಲವತ್ತು ಸೆಂಟು. ರಾತ್ರಿಯೆಲ್ಲ ಕೊಡೆ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ, ಎರಡು ಸಲ ಅಳೆದು ಖಾಲಿ ಮಾಡ್ದೆ. ನಿನ್ನ ನಿಯಮ ಮುರಿದೆ ಕಣಮ್ಮ. ಬೇಡ ಅಂದ್ರೆ ಓದಬೇಡ.”

“ಓದ್ತೀನಿ ದೊಡ್ಡಪ್ಪ,” ಎಂದಳು ವಿನುತಾ. “ಮೊದಲು ನಿಮ್ಮದೇ ಓದ್ತೀನಿ.”