ಬದುವಿನ ಬೇವಿನ ಲಿಲಾವು

ಸೊರಡಿಯ ಬಸಗೊಂಡ ವನ ಸಮಿತಿಯ ಅಧ್ಯಕ್ಷನಾದದ್ದು ಸಭೆಗೆ ಹೋಗದೆ ಇದ್ದದ್ದರಿಂದ. ಹೋದವರೆಲ್ಲ ತಮಗೆ ಬೇಡವೆಂದ ಹುದ್ದೆಯನ್ನು ಬಾರದವನ ತಲೆಗೆ ಕಟ್ಟಿ ಎದ್ದು ಬಂದಿದ್ದರು. ಇದು ಅವನಿಗೂ ಗೊತ್ತಿತ್ತು. ಆದರೂ ಇಸ್ತ್ರಿ ಅಂಗಿ ಹಾಕಿಕೊಂಡು ಅಡ್ಡಾಡಲು ಶುರುಮಾಡಿದ. ಯಾರಾದರೂ "ಅಧ್ಯಕ್ಷರ" ಎಂದು ಕರೆದರೆ ಮೊದಲ ಸಲಕ್ಕೆ ತಿರುಗುತ್ತಿರಲಿಲ್ಲ. ಆ ಮಾತು ಇನ್ನೊಮ್ಮೆ ಕಿವಿಗೆ ಬೀಳಲಿ ಎಂಬ ಆಸೆ.

ಊರ ಹಿಂದಿನ ಗುಡ್ಡದ ಸರಕಾರಿ ಕಾಡಿನಲ್ಲಿ ಒಣಗಿದ ಬೇವು, ಕರಿಜಾಲಿ ಮರಗಳನ್ನು ಕಡಿದು ದಿಮ್ಮಿಗಳನ್ನು ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮಾರುವುದೆಂದು ಆ ವರ್ಷ ತೀರ್ಮಾನವಾಯಿತು. ಮರಗಳಿಗೆ ಗುರುತು ಹಾಕಲು ಗಾರ್ಡ್ ವಿಜಯಕುಮಾರ ಬಣ್ಣದ ಡಬ್ಬಿ ಹಿಡಿದು ಬಂದ. ಊರಿಗೆ ಹೊಸಬ. ಕಾಡು ಎಲ್ಲಿ ಮುಗಿಯುತ್ತದೆ, ರೈತರ ಹೊಲ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದ.

"ನನ್ನ ಕೇಳ್ರಿ. ಈ ಗುಡ್ಡದಾಗಿನ ಕಲ್ಲು ಕಲ್ಲಿಗೂ ನನ್ನ ಗುರ್ತ ಐತಿ," ಎಂದ ಬಸಗೊಂಡ.

ಮುಂದೆ ಮುಂದೆ ನಡೆದು ಕೈ ಮಾಡಿ ತೋರಿಸಿದ. ಅವನು ತೋರಿಸಿದ ಒಣ ಮರಕ್ಕೆಲ್ಲ ವಿಜಯಕುಮಾರ ನಂಬರು ಬರೆದ. ಕೊನೆಗೆ ಬಸಗೊಂಡ ಪಂಚನಾಮೆಗೆ ಸಹಿ ಹಾಕಿದ, ಅದೂ ಅಲ್ಲಿಯ ಸರಕಾರದ ಭಾಷೆಯಾದ ಮರಾಠಿಯಲ್ಲಿ, ಬಾಲವನ್ನು ಉದ್ದಕ್ಕೆ ಎಳೆದು.

ಮರುದಿನ ಅವನ ಹೆಂಡತಿ ಗೌರವ್ವ ಹೊಲದಿಂದ ಬುತ್ತಿ ಬಿಚ್ಚದೆಯೇ ತಿರುಗಿ ಬಂದಳು.

"ಅಲ್ರಿ, ನಾವು ಉಣ್ಣಾಕ ಕುಂದ್ರೂ ಬೇವಿನ ಗಿಡಕ್ಕ ನಂಬರ್ ಹೊಡದಾರಲ್ಲ. ಯಾರು ತೋರ್ಸಿದ್ರು?"

ಗಾರ್ಡನನ್ನು ಬೈಯಬೇಕೆಂದು ಬಾಯಿ ತೆರೆದ ಬಸಗೊಂಡನಿಗೆ ಆಗ ನೆನಪಾಯಿತು. ಇಷ್ಟು ವರ್ಷ ಹೊಲದಲ್ಲಿ ನಿಂತು ಗುಡ್ಡ ನೋಡಿದ್ದನೇ ಹೊರತು ಗುಡ್ಡದ ಮೇಲಿಂದ ಹೊಲ ನೋಡಿರಲಿಲ್ಲ. ಇಳಿಯುವಾಗ ತನ್ನ ಬದುವಿನ ಅರೆ ಒಣಗಿದ ಬೇವು ಯಾರದೋ ಮರದಂತೆ ಕಂಡಿತ್ತು.

"ನಾನ ತೋರ್ಸೇನಿ," ಎಂದ ಮೆಲ್ಲಗೆ.

ಗೌರವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಪುಣ್ಯಾ, ನಮ್ಮ ಮನಿ ಬಾಗಲಕ್ಕ ಹೊಡಸಲಿಲ್ಲ," ಎಂದಳು.

ಅವನು ವಿಜಯಕುಮಾರನ ಹತ್ತಿರ ಹೋಗಿ, ಆ ಒಂದು ಗಿಡದ ಬಗ್ಗೆ ಸ್ವಲ್ಪ ಅನುಮಾನವಿದೆ ಎಂದ.

"ಹಂಗಿದ್ರ ಮೋಜಣಿ ಮಾಡಸೂನ್ರಿ. ನಿಮ್ಮ ಹೊಲಾ ಪೂರಾ ಅಳದು ಹೇಳ್ತಾರ."

ಬಸಗೊಂಡನ ಹೊಲದ ಇನ್ನೊಂದು ತುದಿಗೆ ದಾಳಿಂಬೆ ಹಚ್ಚಿದ ಪಟ್ಟಿಯಿತ್ತು. ಅದು ಕಾಡಿನದು, ಯಾರ ಮುಂದೂ ಬಾಯಿ ಬಿಡಬೇಡ ಎಂದು ಅವನ ಅಪ್ಪ ಹೇಳಿ ಸತ್ತಿದ್ದ.

"ಅಳಿಯೂದು ಬ್ಯಾಡ್ರಿ ಸಾಹೇಬ್ರ. ಗಿಡಾ ಸರಕಾರದ್ದ. ನನಗ ಖಾತ್ರಿ ಐತಿ."

ಬೇವು ಬಿತ್ತು. ಜತ್ತಿನ ಕಟ್ಟಿಗೆ ಡೆಪೋದಲ್ಲಿ ಲಿಲಾವಿನ ದಿನ ಬಸಗೊಂಡ ಎಲ್ಲರಿಗಿಂತ ಮೊದಲು ಹೋಗಿ ಆ ದಿಮ್ಮಿಯ ಪಕ್ಕದಲ್ಲಿ ನಿಂತ. ಪರರ ಕೈಗೆ ಹೋಗುವುದನ್ನು ನೋಡಲಾರೆ ಎನ್ನಿಸಿತ್ತು. ಅವನು ಸವಾಲು ಕೂಗಿದ. ಮರ ಕೊಯ್ಯುವ ಸಾಮಿಲ್ಲಿನ ನೂರಮಹಮ್ಮದ ಅದಕ್ಕಿಂತ ಮೇಲೆ ಕೂಗಿದ. ಬಸಗೊಂಡ ಇನ್ನೂ ಮೇಲೆ ಹೋದ. ಎಷ್ಟೋ ತೇಗದ ದಿಮ್ಮಿ ನೋಡಿದ ಜನ ಈ ಸೊಟ್ಟ ಬೇವಿನ ಸುತ್ತ ಗುಂಪುಗೂಡಿದರು. ಕಡೆಗೆ ನೂರಮಹಮ್ಮದ ಕೈಬಿಟ್ಟ. ದಿಮ್ಮಿ ಬಸಗೊಂಡನದಾಯಿತು, ಎರಡನೆಯ ಸಲ.

ನೂರಮಹಮ್ಮದ ಹತ್ತಿರ ಬಂದು ದನಿ ತಗ್ಗಿಸಿದ. "ಗುಡ್ಡಾ ಬಲ್ಲ ಮನಷ್ಯಾ ಬಿಡವಲ್ಲಂದ್ರ ಚಲೋ ಮಾಲ ಇರಬೇಕಂತ ನಾನೂ ಏರಿಸಿದೆ. ಅಂಥಾದ್ದೇನೈತ್ರಿ ಇದರಾಗ?"

"ಇದರಾಗೇನಿಲ್ಲ, ನೂರಭಾಯಿ. ನನ್ನ ತಲಿಯಾಗೂ ಏನಿಲ್ಲ," ಎಂದು ಬಸಗೊಂಡ ಬೇವಿನ ಕಥೆ ಹೇಳಿದ. ದಾಳಿಂಬೆಯ ಮಾತು ಮಾತ್ರ ನುಂಗಿದ.

ನೂರಮಹಮ್ಮದ ನಕ್ಕು ನಕ್ಕು ಆ ದಿಮ್ಮಿಯ ಮೇಲೆಯೇ ಕುಳಿತ. "ತನ್ನ ಗಿಡಾ ತಾನ ಕಡಸಿ, ತಾನ ಕೊಂಡು, ಮ್ಯಾಲ ಮನಿಗೆ ಒಯ್ಯಾಕ ಸರಕಾರದ ಪಾಸು. ಬರ್ರಿ, ಕೊಯ್ಯೂ ಮಜೂರಿ ನನಗ ಬ್ಯಾಡ. ಈಟು ನಗಸಿದ್ರಿ."

ಊರಲ್ಲಿ ಬೇರೆಯವರು ಆಡಿಕೊಳ್ಳುವ ಮೊದಲೇ ಬಸಗೊಂಡ ಚಹಾದಂಗಡಿಯಲ್ಲಿ ಕೂತು ತಾನೇ ಹೇಳಿಬಿಟ್ಟ. ಹೇಳುತ್ತ ಹೇಳುತ್ತ ರುಚಿ ಹತ್ತಿತು. ಸವಾಲು ಕೂಗಿದ ತನ್ನ ದನಿಯನ್ನೇ ಅಣಕಿಸಿ ತೋರಿಸುತ್ತಿದ್ದ. ಪಕ್ಕದೂರು ಅಸಂಗಿಯಿಂದಲೂ ಕೇಳಲು ಜನ ಬರತೊಡಗಿದರು.

ಬೇಸಗೆಯಲ್ಲಿ ಕಾಡಿನ ಅಂಚನ್ನೆಲ್ಲ ಅಳೆಯಲು ಮೋಜಣಿಯವರು ತಾವಾಗಿಯೇ ಬಂದರು. ಬಸಗೊಂಡ ಎರಡು ದಿನ ಅನ್ನ ಸೇರದೆ ಅವರ ಬೆನ್ನು ಹತ್ತಿ ತಿರುಗಿದ. ಅಳತೆ ಮುಗಿದಾಗ ದಾಳಿಂಬೆಯ ಪಟ್ಟಿ ಪೂರ್ತಿ ಅವನದೇ ಆಗಿತ್ತು. ಬೇವಿನ ಬೊಡ್ಡೆ ಮಾತ್ರ ಒಂದು ಮಾರು ಕಾಡಿನೊಳಗಿತ್ತು.

ಅಂದರೆ ತನ್ನ ಹೊಲದಲ್ಲಿ ಇಷ್ಟು ವರ್ಷ ಕಳ್ಳನ ಹಾಗೆ ದಾಳಿಂಬೆ ಕಿತ್ತಿದ್ದ. ತನ್ನದಲ್ಲದ ಮರಕ್ಕಾಗಿ ಊರಲ್ಲೆಲ್ಲ ಮಾನ ಕಳೆದುಕೊಂಡಿದ್ದ.

"ನಮ್ಮದು ಯಾವುದು, ಮಂದೀದು ಯಾವುದು, ನಿಮಗ ಒಂದಾದ್ರೂ ಗೊತ್ತಿತ್ತೇನ್ರಿ?" ಎಂದು ಗೌರವ್ವ ಕೇಳಿದಳು.

"ನೀ ನನ್ನಾಕಿ ಅನ್ನೂದು ಗೊತ್ತೈತಿ."

"ಅದಕ್ಕೂ ಒಮ್ಮೆ ಮೋಜಣಿಯವರನ್ನ ಕೇಳ್ರಿ."

ಸಂಜೆ ಬಸಗೊಂಡ ಚಹಾದಂಗಡಿಗೆ ಹೋಗಿ, ಬೇವು ನಿಜಕ್ಕೂ ಸರಕಾರದ್ದೇ, ತಾನು ತೋರಿಸಿದ್ದು ಸರಿಯೇ ಎಂದು ವಿವರಿಸಿದ. ಯಾರೂ ನಗಲಿಲ್ಲ. ಒಬ್ಬ ಆಕಳಿಸಿದ.

"ಮೊದಲಿನ ಕಥಿನ ಚಲೋ ಇತ್ರಿ ಅಧ್ಯಕ್ಷರ," ಎಂದರು. "ಅದನ್ನ ಹೇಳ್ರಿ."

ಬಸಗೊಂಡ ಕಾಲು ಮಡಚಿ ಕೂತು, ಮೊದಲಿನದನ್ನೇ ಹೇಳಿದ.